ಹೀಬ್ರೂ ಮೇಷ್ಟ್ರನ್ನು ಕೇಳಿ: ಮೃತ ಸಮುದ್ರದ ಸುರುಳಿಗಳು

ಅಡ್ಮಿನ್: ಈ ಭಾನುವಾರದ ಪ್ರಶ್ನೋತ್ತರಕ್ಕೆ ಹೀಬ್ರೂ, ಅರಾಮಿಕ್ ಪಾಠ ಹೇಳಿ ನಿವೃತ್ತರಾದ ನಮ್ಮ ಮೇಷ್ಟ್ರು ಸಿಕ್ಕಿದ್ದಾರೆ. ವಿಷಯ, ಮೃತ ಸಮುದ್ರದ ದಡದ ಖುಮ್ರಾನ್ ಗುಹೆಗಳಲ್ಲಿ ಸಿಕ್ಕ ಯೆಹೂದಿ ಹಸ್ತಪ್ರತಿಗಳು ಮತ್ತು ಬೈಬಲಿನ ಹೊಸ ಒಡಂಬಡಿಕೆಯ ಹಿನ್ನೆಲೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಮಲೆನಾಡ ಮಳೆ: ನಮಸ್ಕಾರ ಸರ್. ಈ ಸುರುಳಿಗಳಲ್ಲಿ ಯೇಸುವಿನ ಹೆಸರು ಇದೆಯಾ?

ಮೇಷ್ಟ್ರು: ನಮಸ್ಕಾರ. ಇಲ್ಲ. ಯೇಸು, ಸ್ನಾನಿಕ ಯೋಹಾನ, ಪೌಲ, ಯಾರೂ ಇಲ್ಲ. 1947ರಿಂದ 1956ರ ತನಕ 11 ಗುಹೆಗಳಲ್ಲಿ 900ಕ್ಕೂ ಹೆಚ್ಚು ಪ್ರತಿಗಳ ಚೂರುಗಳು ಸಿಕ್ಕವು. ಹೆಚ್ಚಿನವು ಯೇಸು ಹುಟ್ಟುವ ಮೊದಲೇ ಬರೆದು ಮುಗಿದವು.

ಬಿಸಿಲೂರು: ಹಾಗಾದರೆ ಕ್ರೈಸ್ತರಿಗೂ ಇದಕ್ಕೂ ಏನು ಸಂಬಂಧ? ಸುಮ್ಮನೆ ಗದ್ದಲವಾ?

ಮೇಷ್ಟ್ರು: ಸಂಬಂಧ ಹೆಸರಿನಲ್ಲಿಲ್ಲ, ಮಾತಿನಲ್ಲಿದೆ. ಲೂಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಯೋಹಾನನ ಶಿಷ್ಯರು ಬಂದು ‘ಬರಬೇಕಾದವನು ನೀನೋ’ ಎಂದು ಕೇಳುತ್ತಾರಲ್ಲ, ಅದಕ್ಕೆ ಯೇಸು ಒಂದು ಪಟ್ಟಿ ಹೇಳುತ್ತಾನೆ: ಕುರುಡರಿಗೆ ಕಣ್ಣು ಬರುತ್ತದೆ, ಸತ್ತವರು ಏಳುತ್ತಾರೆ, ಬಡವರಿಗೆ ಶುಭವಾರ್ತೆ. ಇದು ಹಳೆ ಒಡಂಬಡಿಕೆಯ ಯೆಶಾಯ ಪ್ರವಾದಿಯ ಪುಸ್ತಕದ 61ನೇ ಅಧ್ಯಾಯದ ಮಾತು ಎಂದು ನಾನೂ ಪಾಠ ಮಾಡಿದವನೇ. ಆದರೆ ಆ ಅಧ್ಯಾಯದಲ್ಲಿ ಸತ್ತವರು ಏಳುವುದಿಲ್ಲ. ಖುಮ್ರಾನಿನ ನಾಲ್ಕನೇ ಗುಹೆಯ 521ನೇ ಪ್ರತಿಯಲ್ಲಿ ಏಳುತ್ತಾರೆ, ಅದೂ ಬಡವರ ಶುಭವಾರ್ತೆಯ ಪಕ್ಕದಲ್ಲೇ. ಲೂಕ ಅದನ್ನು ನೋಡಿ ನಕಲು ಮಾಡಿದ ಅಂತಲ್ಲ. ಅಂಥ ಪಟ್ಟಿ ಆಗ ಜನರ ಬಾಯಲ್ಲೇ ಇತ್ತು. ಪೌಲ ತನ್ನ ಪತ್ರಗಳಲ್ಲಿ ಜಗಳಕ್ಕೆ ಎತ್ತಿಕೊಂಡ ‘ಧರ್ಮಶಾಸ್ತ್ರದ ಕ್ರಿಯೆಗಳು’ ಎಂಬ ಮಾತೂ ಹಾಗೇ. ಹೀಬ್ರೂವಿನಲ್ಲಿ ‘ಮಅಸೇ ಹತೋರಾ’ ಅಂತ ಅದೇ ಗುಹೆಯಲ್ಲಿ ಸಿಕ್ಕಿತು. ಹೊಸ ಒಡಂಬಡಿಕೆಯ ‘ಬೆಳಕಿನ ಮಕ್ಕಳು’ ಕೂಡ ಖುಮ್ರಾನಿನ ಯೆಹೂದಿಗಳ ಅಚ್ಚುಮೆಚ್ಚಿನ ಪದ.

ಕಡಲ ತಡಿ: ಸರ್, ನಾನು ಮಂಗಳೂರಿನವಳು. ಇಸ್ರೇಲಿನಲ್ಲಿ ಕೇರ್‌ಗಿವರ್ ಕೆಲಸ. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ಹೋದ ತಿಂಗಳು ತೀರಿಕೊಂಡರು. ಅದಕ್ಕೆ ಮೊದಲು ಕಪಾಟಿನಿಂದ ಒಂದು ಚರ್ಮದ ಸುರುಳಿ ತೆಗೆದು ನನ್ನ ಕೈಯಲ್ಲಿ ಕೊಟ್ಟಿದ್ದರು. ಒಂದೇ ಕೋಲಿಗೆ ಸುತ್ತಿದ್ದು. ಅಕ್ಷರ ಕಂದು ಬಣ್ಣ. ಅಂಚು ಒಂದು ಕಡೆ ಹರಿದಿದೆ, ಸಣ್ಣ ತೂತೂ ಉಂಟು. ಊರಿನಲ್ಲಿ ತಮ್ಮ ಹೇಳುವುದು ಇದು ಡೆಡ್ ಸೀ ಸ್ಕ್ರೋಲ್, ಕೋಟಿಗಟ್ಟಲೆ ಆಗ್ತದೆ, ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಹಾಕಿ ತಾ ಅಂತ. ನಾಲ್ಕು ಫೋಟೋ ಹಾಕಿದ್ದೇನೆ. ಹರಿದಲ್ಲಿ ಟೇಪ್ ಅಂಟಿಸಬಹುದಾ?

ಮೇಷ್ಟ್ರು: ಟೇಪ್ ಬೇಡ. ಕೈಯಲ್ಲಿದ್ದರೆ ಕೆಳಗಿಡಿ. ಫೋಟೋ ನೋಡುತ್ತಿದ್ದೇನೆ, ಬರೆಯುತ್ತೇನೆ.

ಅಂಗಡಿ ಬೀದಿ: ಅಕ್ಕಾ, ನನಗೆ ಬಂದ ಮೆಸೇಜ್ ನೋಡಿ: ‘ಹಳೇ ಹಸ್ತಪ್ರತಿಗೆ ಕೊಬ್ಬರಿ ಎಣ್ಣೆಯಲ್ಲಿ ಚಿಟಿಕೆ ಅರಿಶಿನ ಕಲಸಿ ಹತ್ತಿಯಿಂದ ಉಜ್ಜಿ, ಎಳೆಬಿಸಿಲಿಗೆ ಇಟ್ಟರೆ ಅಕ್ಷರ ಎದ್ದು ಕಾಣುತ್ತವೆ. ನಮ್ಮ ಹಿರಿಯರ ಜ್ಞಾನ.’

ಮೇಷ್ಟ್ರು: ಇದನ್ನು ಅಳಿಸಿ. ಯಾವ ಹಿರಿಯರು ರೀ? ತಾಳೆಗರಿಯ ಮಾತು ಬೇರೆ, ಅಲ್ಲಿ ಅಕ್ಷರವನ್ನು ಕಂಟ ಎಂಬ ಮೊನೆಯ ಕಡ್ಡಿಯಿಂದ ಕೊರೆದಿರುತ್ತಾರೆ. ಮಸಿ ಉಜ್ಜಿದರೆ ಗೀರಿನೊಳಗೆ ಕೂರುತ್ತದೆ, ಮೇಲಿನದ್ದು ಒರೆಸಿದರೆ ಹೋಗುತ್ತದೆ. ಚರ್ಮದ ಮೇಲೆ ಮಸಿ ಮೇಲ್ಮೈಯಲ್ಲೇ ಕೂತಿರುತ್ತದೆ. ಉಜ್ಜಿದರೆ ನಿಮ್ಮ ಹತ್ತಿಗೆ ಬರುತ್ತದೆ, ಸುರುಳಿಯಲ್ಲಿ ಅರಿಶಿನ ಉಳಿಯುತ್ತದೆ. ಬಿಸಿಲಿಗಿಟ್ಟರೆ ಚರ್ಮ ಹಪ್ಪಳದ ಹಾಗೆ ಮುರುಟುತ್ತದೆ.

ಅಂಗಡಿ ಬೀದಿ: ಒಳ್ಳೇದಾಗಲಿ ಅಂತ ಹಾಕಿದ್ದು ಸರ್.

ಕೋಟೆಕೆರೆ: ಸುರುಳಿಗಳಲ್ಲಿ ಯೇಸುವಿನ ಪ್ರಸ್ತಾಪ ಇದೆಯೇ?

ಮೇಷ್ಟ್ರು: ಇಲ್ಲ. ಮೇಲೆ ಓದಿ.

ಮೇಷ್ಟ್ರು: ಕಡಲ ತಡಿ ಅವರೇ, ನೋಡಿಯಮ್ಮ. ನಿಮ್ಮ ನಾಲ್ಕನೇ ಫೋಟೋ ನೋಡಿ ಕುರ್ಚಿಯಿಂದ ಎದ್ದೆ. ಅಲ್ಲೊಂದು ಕಡೆ ಬರಹ ಎರಡು ಸಾಲಾಗಿ ಒಡೆದಿದೆ, ನಡುವೆ ಖಾಲಿ. ಎಡಗಡೆ ಮೂರಕ್ಷರದ ಒಂದೇ ಪದ ಮೇಲಿಂದ ಕೆಳಗೆ ಹತ್ತು ಸಲ ಬಂದಿದೆ. ಆ ಪದ ‘ವೆಏತ್’. ನಮ್ಮ ‘ಅನ್ನೂ’ ಇದ್ದಂತೆ, ಆದರೆ ಹೆಸರಿನ ಮುಂಚೆ ಬರುತ್ತದೆ. ಬಲಗಡೆ ಇರುವುದು ಹೆಸರುಗಳು: ಪರ್ಷಂದಾತನನ್ನೂ, ದಲ್ಫೋನನನ್ನೂ, ಅಸ್ಪಾತನನ್ನೂ... ಬೈಬಲಿನ ಎಸ್ತೇರ್ ಪುಸ್ತಕದ ಖಳ ಹಾಮಾನನ ಹತ್ತು ಮಕ್ಕಳು. ಇದು ಎಸ್ತೇರಳ ಸುರುಳಿ, ಮೆಗಿಲ್ಲಾ. ಯೆಹೂದಿಗಳ ಪೂರಿಮ್ ಹಬ್ಬದ ದಿನ ಓದುವುದು. ಆ ಹತ್ತು ಹೆಸರನ್ನು ಒಂದೇ ಉಸಿರಿಗೆ ಓದಬೇಕೆಂಬ ಪದ್ಧತಿ. ಒಂದೇ ಕೋಲು ಇರುವುದೂ ಇದು ಮೆಗಿಲ್ಲಾ ಆದದ್ದಕ್ಕೇ. ತೋರಾ, ಅಂದರೆ ಮೋಶೆಯ ಐದು ಪುಸ್ತಕ ಆಗಿದ್ದರೆ ಎರಡು ಕೋಲು ಇರುತ್ತಿತ್ತು.

ಇನ್ನು ನಿಮ್ಮ ತಮ್ಮನಿಗೆ ಹೇಳಿ: ಹೀಬ್ರೂ ಬೈಬಲಿನಲ್ಲಿ ಖುಮ್ರಾನಿನ ಗುಹೆಗಳಲ್ಲಿ ಒಂದು ಚೂರೂ ಸಿಗದ ಪುಸ್ತಕ ಇದ್ದರೆ ಅದು ಎಸ್ತೇರ್. ಅಷ್ಟು ಪ್ರತಿಗಳಲ್ಲಿ ಅದಿಲ್ಲ. ಕೋಟಿಯ ಮಾತಿಗೆ ಬಂದರೆ, ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂ ದುಡ್ಡು ಸುರಿದು 16 ಚೂರು ಕೂಡಿಸಿತ್ತು. ಹದಿನಾರೂ ಖೋಟಾ ಎಂದು 2020ರಲ್ಲಿ ಗೊತ್ತಾಯಿತು. ಚರ್ಮ ಹಳೆಯದೇ, ಮಸಿ ಹೊಸದು.

ಟೇಪ್ ಯಾಕೆ ಬೇಡ ಅಂತ ಹೇಳುತ್ತೇನೆ. 1950ರ ದಶಕದಲ್ಲಿ ಯೆರೂಸಲೇಮಿನ ಮ್ಯೂಸಿಯಂನಲ್ಲಿ ಮಹಾ ವಿದ್ವಾಂಸರೇ ನಾಲ್ಕನೇ ಗುಹೆಯ ಸಾವಿರಾರು ಚೂರುಗಳನ್ನು ಮೇಜಿನ ಮೇಲೆ ಹರಡಿಕೊಂಡು ಸೆಲ್ಲೋಟೇಪ್ ಹಚ್ಚಿ ಜೋಡಿಸಿದರು. ಎರಡು ಗಾಜಿನ ನಡುವೆ ಒತ್ತಿಟ್ಟರು. ಅಂಟು ಚರ್ಮದೊಳಗೆ ಇಳಿಯಿತು, ಕೆಲವು ಚೂರು ಕಪ್ಪಾಗಿ ಅಕ್ಷರವೇ ಮುಚ್ಚಿಹೋಯಿತು. ಎರಡು ಸಾವಿರ ವರ್ಷ ಗುಹೆಯಲ್ಲಿ ಉಳಿದದ್ದು ನಮ್ಮ ಕೈಯಲ್ಲಿ ಹತ್ತು ವರ್ಷ ಸುಖವಾಗಿರಲಿಲ್ಲ. 1991ರಲ್ಲಿ ಅದಕ್ಕೆಂದೇ ಪ್ರಯೋಗಾಲಯ ಶುರುಮಾಡಿ, ಹೆಂಗಸರು ಕೂತು ಆ ಟೇಪನ್ನು ಎಳೆ ಎಳೆಯಾಗಿ ಬಿಡಿಸಿದ್ದಾರೆ.

ನನಗೆ ನಿಜವಾದ ಚಿಂತೆ ಸೂಟ್‌ಕೇಸಿನದು. ಅಲ್ಲಿನ 1978ರ ಕಾಯಿದೆ ಪ್ರಕಾರ 1700ಕ್ಕಿಂತ ಮೊದಲು ಮನುಷ್ಯ ಮಾಡಿದ ವಸ್ತು ಪುರಾತನ ವಸ್ತು. ಅನುಮತಿ ಇಲ್ಲದೆ ದೇಶದ ಹೊರಗೆ ಒಯ್ಯುವಂತಿಲ್ಲ. ನಿಮ್ಮದು ಅಷ್ಟು ಹಳೆಯದಲ್ಲದೇ ಇರಬಹುದು, ಆದರೆ ವಿಮಾನ ನಿಲ್ದಾಣದಲ್ಲಿ ಅದನ್ನು ನೀವು ಹೇಗೆ ತೋರಿಸುತ್ತೀರಿ? ವೀಸಾ ಮೇಲೆ ದುಡಿಯುವವರು ನೀವು. ಅದಕ್ಕಿಂತ ಮುಖ್ಯ, ಅಜ್ಜಿ ಕೊಟ್ಟಾಗ ಪಕ್ಕದಲ್ಲಿ ಯಾರಿದ್ದರು? ಚೀಟಿ ಬರೆದಿದ್ದಾರಾ? ಇಲ್ಲವಾದರೆ ನಾಳೆ ಅವರ ಮಕ್ಕಳು ಕದ್ದಳು ಅಂದರೆ ಏನು ಹೇಳುತ್ತೀರಿ? ಊರಿನ ತಮ್ಮನಿಗಿಂತ ಮೊದಲು ಅಜ್ಜಿಯ ಮಕ್ಕಳಿಗೆ ಹೇಳಿ. ಅವರು ಇಟ್ಟುಕೋ ಅಂದರೆ ಬರಹದಲ್ಲಿ ಪಡೆಯಿರಿ. ಆಮೇಲೆ ಹತ್ತಿರದ ಸೋಫೇರ್, ಅಂದರೆ ಸುರುಳಿ ಬರೆಯುವ ಲಿಪಿಕಾರರಿಗೆ ತೋರಿಸಿ. ಅಕ್ಷರದ ಬಳುಕು ನೋಡಿಯೇ ಯಾವ ಕಡೆಯದು ಎಂದು ಹೇಳುವವರು ಅವರಲ್ಲಿದ್ದಾರೆ. ಅಲ್ಲಿಯವರೆಗೆ ಮತ್ತೆ ಬಿಚ್ಚಬೇಡಿ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಡಿ. ಪ್ಲಾಸ್ಟಿಕ್ ಬೇಡ, ಅಡುಗೆಮನೆ ಪಕ್ಕ ಬೇಡ, ನುಸಿಗುಳಿಗೆ ಬೇಡ.

ಹೊಳೆಸಾಲು: ಸರ್, ಕಾರ್ಬನ್ ಡೇಟಿಂಗಿಗೆ ಎಷ್ಟು ಖರ್ಚಾಗುತ್ತೆ?

ವಿಶ್ವಾಸಿ: ದೇವರಿಗೆ ಸ್ತೋತ್ರ. ಯೆಶಾಯನ ಸುರುಳಿ ಸಿಕ್ಕಾಗ ಸಾವಿರ ವರ್ಷದಲ್ಲಿ ಬೈಬಲಿನ ಒಂದಕ್ಷರವೂ ಬದಲಾಗಿಲ್ಲ ಎಂದು ವಿಜ್ಞಾನಿಗಳೇ ಒಪ್ಪಿದರು.

ನೇರ ಮಾತು: ಎಲ್ಲ ತಿದ್ದಿದ್ದೇ. ಚರ್ಚ್ ಮುಚ್ಚಿಟ್ಟಿದೆ.

ಮೇಷ್ಟ್ರು: ಇಬ್ಬರದೂ ತಪ್ಪು. ಯೆಶಾಯನ ದೊಡ್ಡ ಸುರುಳಿ 7 ಮೀಟರಿಗೂ ಉದ್ದ, 54 ಅಂಕಣ. ಈಗಿನ ಹೀಬ್ರೂ ಬೈಬಲಿನ ಪಾಠದೊಂದಿಗೆ ಸಾವಿರಕ್ಕೂ ಮಿಕ್ಕಿ ವ್ಯತ್ಯಾಸ, ಬಹುಪಾಲು ಕಾಗುಣಿತದ್ದು. ಯೆರೆಮೀಯ ಪ್ರವಾದಿಯ ಪುಸ್ತಕ ಹಾಗಲ್ಲ. ಗ್ರೀಕ್ ಅನುವಾದದಲ್ಲಿ ಅದು ಸುಮಾರು ಎಂಟನೇ ಒಂದು ಭಾಗ ಚಿಕ್ಕದು. ಅನುವಾದಕ ಕತ್ತರಿಸಿದ ಎಂದುಕೊಂಡಿದ್ದೆವು. ನಾಲ್ಕನೇ ಗುಹೆಯಲ್ಲಿ ಅದೇ ಚಿಕ್ಕ ಪಾಠ ಹೀಬ್ರೂವಿನಲ್ಲೇ ಸಿಕ್ಕಿತು. ಮುಚ್ಚಿಟ್ಟಿದ್ದರೆ ನಾನು ಹೇಗೆ ಓದಿದೆ?

ನೇರ ಮಾತು: ನಿಮಗೆ ತೋರಿಸಿದ್ದನ್ನು ಓದಿದ್ದೀರಿ.

ಮೇಷ್ಟ್ರು: ಸರಿ.

ಹಿಮದೂರು: ಯೇಸು ಲಡಾಖಿನಲ್ಲಿ ವಿದ್ಯೆ ಕಲಿತದ್ದು ಈ ಸುರುಳಿಗಳಲ್ಲಿದೆಯಂತೆ?

ಮೇಷ್ಟ್ರು: ಇಲ್ಲ. ಆ ಕಥೆ ಹೇಳಿದ್ದು ನೋಟೋವಿಚ್ ಎಂಬ ರಷ್ಯದವನು, 1894ರಲ್ಲಿ, ಅಲ್ಲಿನ ಹೆಮಿಸ್ ಎಂಬ ಬೌದ್ಧ ಮಠದ ಹೆಸರು ಹೇಳಿ. ಮರುವರ್ಷವೇ ಆಗ್ರಾ ಕಾಲೇಜಿನ ಪ್ರಾಧ್ಯಾಪಕ ಡಗ್ಲಸ್ ಅಲ್ಲಿಗೇ ಹೋಗಿ ಕೇಳಿದರು. ಅಂಥ ಪುಸ್ತಕವೇ ಇಲ್ಲ ಎಂದರು ಮಠಾಧಿಪತಿಗಳು. ಖುಮ್ರಾನ್ ಸಿಕ್ಕಿದ್ದು ಅದಾಗಿ ಐವತ್ತು ವರ್ಷಕ್ಕೆ.

ಕಸ್ತೂರಿ: ಕನ್ನಡಿಗರು ಹೆಮ್ಮೆ ಪಡಬೇಕು. ಇದೇ ಸುರುಳಿಗಳಲ್ಲಿ ಕನ್ನಡ ನಾಟಕವೂ ಇದೆ!

ಮೇಷ್ಟ್ರು: ಅದು ಖುಮ್ರಾನ್ ಅಲ್ಲ, ಈಜಿಪ್ಟಿನ ಆಕ್ಸಿರಿಂಕಸ್. ಚರ್ಮವಲ್ಲ, ಪಪೈರಸ್ ಎಂಬ ಜೊಂಡಿನ ಹಾಳೆ. ಕನ್ನಡ ನಾಟಕವೂ ಅಲ್ಲ, ಭಾರತದ ಕಡಲ ತೀರದಲ್ಲಿ ನಡೆಯುವ ಗ್ರೀಕ್ ಪ್ರಹಸನ, ನಡುವೆ ಭಾರತೀಯ ರಾಜನ ಬಾಯಲ್ಲಿ ಅರ್ಥವಾಗದ ಮಾತು. ಅದನ್ನು ಕನ್ನಡ ಎಂದವರು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಶ್, ಆಮೇಲೆ ನಮ್ಮ ಶಾಮಶಾಸ್ತ್ರಿಗಳು. ಸಂಬಂಧ ಬೇಕಾದರೆ ಒಂದಿದೆ: ಬೈಬಲಿನಲ್ಲಿ ಸೇರದ ತೋಮನ ಸುವಾರ್ತೆಯ ಗ್ರೀಕ್ ಚೂರುಗಳೂ ಅದೇ ಊರಿನ ತಿಪ್ಪೆಯಲ್ಲೇ ಸಿಕ್ಕವು.

ತೆಂಕಣ ಗಾಳಿ: ಅದು ತುಳು. ಕನ್ನಡ ಅಂತ ಯಾರು ಸರ್ ನಿರ್ಧಾರ ಮಾಡಿದ್ದು?

ಕಸ್ತೂರಿ: ತುಳುವಿಗೆ ಆ ಕಾಲದ ಒಂದು ಶಾಸನ ತೋರಿಸಿ ನೋಡೋಣ.

ತೆಂಕಣ ಗಾಳಿ: ಎರಡನೇ ಶತಮಾನದ ಕನ್ನಡ ಶಾಸನ ನೀವು ತೋರಿಸಿ. ಹಡಗು ಬಂದದ್ದು ನಮ್ಮ ಕಡಲಿಗೆ, ನಿಮ್ಮ ಕೆರೆಗಲ್ಲ.

ಕಸ್ತೂರಿ: ನಾಲಿಗೆ ಬಿಗಿಹಿಡಿದು ಮಾತಾಡಿ.

ಬಿಸಿಲೂರು: ಇಬ್ಬರೂ ಬೇರೆ ಪೋಸ್ಟ್ ಹಾಕಿಕೊಳ್ಳಿ ಮಾರಾಯರೇ.

ಹೊಳೆಸಾಲು: ಕಾರ್ಬನ್ ಡೇಟಿಂಗ್ ಖರ್ಚು?

ಸಂಜೆ ಬೆಳಕು: ಗುರುಗಳೇ, ಯೇಸುವಿನ ಹೆಸರು ಸುರುಳಿಯಲ್ಲಿ...

ಮೇಷ್ಟ್ರು: ಇಲ್ಲ.

ಸಂಜೆ ಬೆಳಕು: ಸ್ವಲ್ಪ ಸೌಜನ್ಯದಿಂದ ಉತ್ತರಿಸಬಹುದಿತ್ತು.

ಅಡ್ಮಿನ್: ಕನ್ನಡ–ತುಳು ಕಮೆಂಟುಗಳನ್ನು ತೆಗೆಯಬೇಕಾಗುತ್ತದೆ. ಕೊನೇ ಎಚ್ಚರಿಕೆ.

ಕಡಲ ತಡಿ: ಸರ್, ಅಜ್ಜಿಯ ಮಗಳಿಗೆ ಫೋನ್ ಮಾಡಿದೆ. ಅವರಿಗೆ ಸುರುಳಿ ಎಲ್ಲಿ ಹೋಯಿತು ಅಂತಲೇ ಗೊತ್ತಿರಲಿಲ್ಲ. ಅವರ ಅಜ್ಜ ಹಬ್ಬಕ್ಕೆ ಓದುತ್ತಿದ್ದದ್ದಂತೆ. ಆ ಹತ್ತು ಹೆಸರು ಫೋನಿನಲ್ಲೇ ಹೇಳಿ ತೋರಿಸಿ ಅತ್ತರು. ಶುಕ್ರವಾರ ಬರುತ್ತಾರೆ, ನಾನು ಕೊಟ್ಟುಬಿಡುತ್ತೇನೆ. ತಮ್ಮ ಮಾತು ಬಿಟ್ಟಿದ್ದಾನೆ. ಈಗ ದಿಂಬಿನ ಕವರಿನಲ್ಲಿ ಸುತ್ತಿಟ್ಟಿದ್ದೇನೆ.

ಮೇಷ್ಟ್ರು: ಕವರಿಗೆ ಗಂಜಿ, ನೀಲಿ ಹಾಕಿಲ್ಲ ತಾನೇ?

ಕಡಲ ತಡಿ: ನೀಲಿ ಹಾಕಿದ್ದೆ ಸರ್. ಬದಲಾಯಿಸುತ್ತೇನೆ.