‘ಅಲ್ಟೀರಿಯರ್ ಮೋಟಿವ್’: ಅನುವಾದಕಿಯನ್ನು ಕೇಳಿ

ಪದಪ್ರೇಮಿ: ಮೇಡಂ, ‘ಅಲ್ಟೀರಿಯರ್ ಮೋಟಿವ್’ ಅಂದ್ರೆ ಏನು?

ಅನುವಾದಕಿ: ಬಾಯಲ್ಲಿ ಹೇಳಿದ ಕಾರಣದ ಹಿಂದೆ ಬಚ್ಚಿಟ್ಟ ಬೇರೆ ಉದ್ದೇಶ. ಒಳ ಉದ್ದೇಶ ಎನ್ನಬಹುದು.

ಹೊಸ ಓದುಗ: ದೂರು ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಹೋದ್ಯೋಗಿ ಅಲ್ಟೀರಿಯರ್ ಮೋಟಿವ್ ಇಟ್ಟುಕೊಂಡು ಸಹಾಯ ಮಾಡಿದರು ಎಂದಿದೆ. ‘ಒಳಸಂಚು’ ಎಂದು ಬರೆದೆ. ಸರೀನಾ?

ಅನುವಾದಕಿ: ದಯವಿಟ್ಟು ಬದಲಿಸಿ, ಕಳಿಸುವ ಮೊದಲೇ. ಒಳಸಂಚು ಅಂದರೆ ಗುಟ್ಟಾಗಿ ಹೂಡಿದ ಸಂಚು. ಮೂಲದಲ್ಲಿ ಆ ಆರೋಪವೇ ಇಲ್ಲ. ‘ದುರುದ್ದೇಶ’ವೂ ಒಂದು ಹೆಜ್ಜೆ ಜಾಸ್ತಿ. ಬಡ್ತಿಯ ಆಸೆಯಿಂದ ಕೈಜೋಡಿಸಿ, ‘ನಿಮ್ಮ ಕಷ್ಟ ನೋಡಲಾಗಲಿಲ್ಲ’ ಎಂದರೆ ಅದು ಅಲ್ಟೀರಿಯರ್. ಆಸೆ ತಪ್ಪಲ್ಲ, ಮುಚ್ಚಿಟ್ಟದ್ದು ತೊಡಕು. ಬಾಯಿಬಿಟ್ಟು ಹೇಳಿದ್ದರೆ ಈ ಪದವೇ ಹೊಂದುತ್ತಿರಲಿಲ್ಲ. ಲ್ಯಾಟಿನ್‌ನಲ್ಲಿ ಇದಕ್ಕೆ ‘ಇನ್ನೂ ಆಚೆಯ’ ಎಂದಷ್ಟೇ ಅರ್ಥ. ಕ್ರಿ.ಪೂ. 197ರಲ್ಲಿ ರೋಮನ್ನರು ಸ್ಪೇನ್ ಕಡೆ ಎರಡು ಪ್ರಾಂತ್ಯ ಮಾಡಿದಾಗ, ತಮಗೆ ದೂರದ್ದನ್ನು ‘ಹಿಸ್ಪಾನಿಯಾ ಉಲ್ಟೀರಿಯರ್’ ಎಂದು ಕರೆದರು. ಈಗ ಇಂಗ್ಲಿಷಿನಲ್ಲಿ ಅನುಮಾನದ ಬಣ್ಣ ಹತ್ತಿದೆ, ನಿಜ. ಆದರೆ ಅನುಮಾನ ಬೇರೆ, ಸಂಚು ಬೇರೆ. ಇದು ಒಬ್ಬರ ಕೆಲಸದ ಪ್ರಶ್ನೆ. ‘ಒಳ ಉದ್ದೇಶ’ ಸಾಕು.

ಮುಂಜಾವು: ‘ಆಲ್ಟರ್’ ಅಂದರೆ ಬದಲಿಸು, ಅದರಿಂದಲೇ ಈ ಪದ ಹುಟ್ಟಿತು, ಸ್ಪೆಲ್ಲಿಂಗ್ ‘ಎ’ಯಿಂದ ಶುರು ಅಂತ ಫಾರ್ವರ್ಡ್ ಬಂದಿದೆ.

ಅನುವಾದಕಿ: ತಪ್ಪು. ‘ಯು’ಯಿಂದ ಶುರು. ‘ಅಲ್ಟ್ರಾ’, ‘ಅಲ್ಟಿಮೇಟ್’ ಇದರ ಬಳಗ. ಪರೀಕ್ಷೆಗೆ ಓದುವ ಮಕ್ಕಳು ಇಂಥದ್ದನ್ನು ನಂಬಿ ಅಂಕ ಕಳೆದುಕೊಳ್ಳುತ್ತಾರೆ. ನಿಘಂಟು ತೆರೆಯದೆ ಹಂಚಬೇಡಿ.

ಹಳೆ ಓದುಗ: ‘ವೆಸ್ಟೆಡ್ ಇಂಟರೆಸ್ಟ್’ ಅಂದ್ರೂ ಇದೇ ಅಲ್ವಾ?

ಮಾತುಗಾರ: ಅಲ್ಲ. ಅದು ಸ್ವಂತ ಹಿತಾಸಕ್ತಿ. ಅದು ಗುಟ್ಟಾಗಿರಬೇಕಿಲ್ಲ, ಎಲ್ಲರಿಗೂ ಗೊತ್ತಿದ್ದೇ ಇರಬಹುದು.

ಹಳೆ ಓದುಗ: ಹಿತಾಸಕ್ತಿಯನ್ನು ಯಾರು ಬಹಿರಂಗವಾಗಿ ಹೇಳ್ತಾರೆ?

ಮಾತುಗಾರ: ‘ನನ್ನ ಷೇರುಗಳಿವೆ’ ಎಂದು ಮೊದಲೇ ತಿಳಿಸಿ ಸಭೆಯಲ್ಲಿ ಮಾತಾಡುವವರಿದ್ದಾರೆ. ಅದರಲ್ಲಿ ಗುಟ್ಟೇನು?

ಹಳೆ ಓದುಗ: ನಾನು ಕೇಳಿದ್ದು ಮೇಡಂ ಅವರನ್ನು. ನಿಮ್ಮನ್ನಲ್ಲ.

ಮಾತುಗಾರ: ಹಾಗಾದರೆ ಗುಂಪಿನಲ್ಲಿ ಯಾಕೆ ಕೇಳಿದ್ರಿ?

ಕುತೂಹಲಿ: ‘ಹಿಡನ್ ಅಜೆಂಡಾ’ಗೂ ಇದಕ್ಕೂ ಏನು ವ್ಯತ್ಯಾಸ?

ಸಂಜೆಗೆಂಪು: ಅಲ್ಟೀರಿಯರ್ ಮೋಟಿವ್ ಅಂದ್ರೆ ಏನು ಮೇಡಂ?

ಅನುವಾದಕಿ: ಮೇಲಿನ ಮೊದಲ ಉತ್ತರ ಓದಿ.

ಮುಂಜಾವು: ಆದರೆ ಆ ಫಾರ್ವರ್ಡ್ ಬರೆದವರು ಪ್ರೊಫೆಸರ್ ಅಂತೆ.

ಅನುವಾದಕಿ: ಯಾರೇ ಬರೆದಿರಲಿ, ತಪ್ಪು ತಪ್ಪೇ. ಅಳಿಸಿ.

ಹೊಸ ಓದುಗ: ಬದಲಿಸಿದೆ ಮೇಡಂ. ‘ಕೆಟ್ಟ ಒಳ ಉದ್ದೇಶ’ ಅನ್ನಲಾ?

ಅನುವಾದಕಿ: ಬೇಡ. ‘ಕೆಟ್ಟ’ ಎಂಬುದು ಮೂಲದಲ್ಲಿಲ್ಲ.