ಓದುಗರ ಸ್ಪಂದನ: ದುಆ ಮಾಡುತ್ತೇನೆ, ಆದರೂ ಬೆಟ್ಟಿಂಗ್ ಬಿಡಲಾಗುತ್ತಿಲ್ಲ

ಕಳೆದ ಸಂಚಿಕೆಯ ಸಮಸ್ಯೆ: ದಕ್ಷಿಣ ಕನ್ನಡದ ಹುಡುಗ ನಾನು. ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಗೆಳೆಯರ ಜೊತೆ ಐಪಿಎಲ್ ಮ್ಯಾಚಿಗೆ ಚೂರುಪಾರು ದುಡ್ಡು ಹಾಕಲು ಶುರು ಮಾಡಿದೆ. ಈಗ ಸಂಬಳ ಬಂದ ವಾರದಲ್ಲೇ ಖಾಲಿ. ಲೋನ್ ಆ್ಯಪ್‌ಗಳ ಸಾಲ ಬೇರೆ. ನಮಾಜ್ ಬಿಟ್ಟಿಲ್ಲ. ಸೈತಾನನಿಂದ ಕಾಪಾಡು ಎಂದು ಅಲ್ಲಾಹನಲ್ಲಿ ದಿನಾ ದುಆ (ಪ್ರಾರ್ಥನೆ) ಮಾಡುತ್ತೇನೆ. ರಾತ್ರಿಯಾದರೆ ಮತ್ತೆ ಅದೇ ಕಥೆ. ಅಲ್ಲಾಹ್ ನನ್ನ ಕೈಬಿಟ್ಟನೇ? ಉಮ್ಮನಿಗೆ (ಅಮ್ಮನಿಗೆ) ಹೇಳಲು ಧೈರ್ಯ ಸಾಲುತ್ತಿಲ್ಲ.

ಮದ್ರಸ ಅಧ್ಯಾಪಕರು, ಪುತ್ತೂರು

ತಮ್ಮಾ, ಅಲ್ಲಾಹ್ ನಿನ್ನ ಕೈಬಿಟ್ಟಿಲ್ಲ. ಕುರ್‌ಆನಿನ 39ನೇ ಅಧ್ಯಾಯದ 53ನೇ ವಚನ ತೆಗೆದು ಓದು. ತಮ್ಮ ಮೇಲೆ ತಾವೇ ಅತಿರೇಕ ಮಾಡಿಕೊಂಡವರನ್ನೂ ಅಲ್ಲಾಹ್ ಅಲ್ಲಿ ‘ನನ್ನ ದಾಸರೇ’ ಎಂದೇ ಕರೆಯುತ್ತಾನೆ. ಅವನ ಕರುಣೆಯ ಬಗ್ಗೆ ನಿರಾಶರಾಗಬೇಡಿ ಎನ್ನುತ್ತಾನೆ. ಆ ಕರೆ ನಿನಗೂ ಸೇರಿದ್ದು.

ಆದರೆ ಎಲ್ಲವನ್ನೂ ಸೈತಾನನ ತಲೆಗೆ ಕಟ್ಟಬೇಡ. ಅವನಿಗೆ ನಿನ್ನ ಬೆರಳು ಹಿಡಿದು ಒತ್ತಿಸುವ ಶಕ್ತಿ ಇಲ್ಲ. ತೀರ್ಪಿನ ದಿನ ಅವನು ಏನು ಹೇಳುತ್ತಾನೆ ಎಂಬುದು ಸೂರಾ ಇಬ್ರಾಹೀಮ್‌ನಲ್ಲಿದೆ (14:22). ‘ನಿಮ್ಮ ಮೇಲೆ ನನಗೇನೂ ಅಧಿಕಾರ ಇರಲಿಲ್ಲ. ನಾನು ಕರೆದೆ, ನೀವು ಬಂದಿರಿ. ನನ್ನನ್ನು ದೂರಬೇಡಿ, ನಿಮ್ಮನ್ನೇ ದೂರಿಕೊಳ್ಳಿ’ ಎಂಬ ಅರ್ಥದ ಮಾತು. ಅದನ್ನು ಓದುವಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನೀನು ರಕ್ಷಣೆ ಬೇಡುತ್ತಿದ್ದೀಯ, ಒಳ್ಳೆಯದು. ಬೇಡಿದ ಮೇಲೆ ಏನು ಮಾಡಬೇಕು ಎಂಬುದನ್ನು ಪ್ರವಾದಿ ಯೂಸುಫ್ (ಅ) ಅವರಿಂದ ಕಲಿ. ಅವರು ಅನ್ಯದೇಶದಲ್ಲಿದ್ದ ಯುವಕ. ಯಜಮಾನನ ಹೆಂಡತಿ ಬಾಗಿಲುಗಳನ್ನೆಲ್ಲ ಹಾಕಿ ಕರೆದಳು. ‘ಅಲ್ಲಾಹನೇ ಕಾಪಾಡಲಿ’ ಎಂದರು. ಎಂದವರು ಅಲ್ಲೇ ನಿಲ್ಲಲಿಲ್ಲ, ಬಾಗಿಲ ಕಡೆ ಓಡಿದರು. ಬಾಗಿಲು ಹಾಕಿದೆ ಎಂದು ಗೊತ್ತಿದ್ದೂ ಓಡಿದರು. ಅವಳು ಬೆನ್ನಟ್ಟಿ ಎಳೆದಾಗ ಅಂಗಿ ಹಿಂದಿನಿಂದ ಹರಿಯಿತು. ಮುಂದೆ ಆ ಹರಿದ ಅಂಗಿಯೇ ಅವರು ನಿರಪರಾಧಿ ಎಂಬುದಕ್ಕೆ ಸಾಕ್ಷಿಯಾಯಿತು.

ಆಮೇಲೆ ಊರಿನ ಹೆಂಗಸರೂ ಸೇರಿಕೊಂಡಾಗ ಅವರು ಮಾಡಿದ ದುಆ ನೋಡು (12:33). ಇವರು ಕರೆಯುವುದಕ್ಕಿಂತ ನನಗೆ ಜೈಲೇ ಇಷ್ಟ, ನೀನು ಇವರ ತಂತ್ರವನ್ನು ತಪ್ಪಿಸದಿದ್ದರೆ ನಾನು ಇವರ ಕಡೆಗೆ ವಾಲಿಬಿಟ್ಟೇನು ಎಂದರು. ಒಬ್ಬ ಪ್ರವಾದಿಯೇ ತನ್ನ ಮನೋಬಲ ನಂಬಿ ಕೂರಲಿಲ್ಲ. ‘ಇವತ್ತು ಆ್ಯಪ್ ತೆರೆದರೂ ಸುಮ್ನೆ ಸ್ಕೋರ್ ನೋಡಿ ಮುಚ್ಚುತ್ತೇನೆ’ ಅಂದುಕೊಳ್ಳುವ ಧೈರ್ಯ ನಮಗೆ ಎಲ್ಲಿಂದ ಬಂತು, ಹೇಳು? ಆ್ಯಪ್ ಅಳಿಸು. ಮ್ಯಾಚ್ ಇರುವ ರಾತ್ರಿ ಕೋಣೆಯಲ್ಲಿ ಒಬ್ಬನೇ ಇರಬೇಡ. ಮಸೀದಿಗೆ ಹೋಗು, ಎಲ್ಲರ ಜೊತೆ ರಾತ್ರಿಯ ಇಶಾ ನಮಾಜ್ ಮುಗಿಸಿ ಯಾರ ಜೊತೆಗಾದರೂ ಚಾ ಕುಡಿದು ಬಾ. ಇದೂ ನಿನ್ನ ದುಆದ ಭಾಗವೇ.

ಸಾಲದ ಬಗ್ಗೆಯೂ ಒಂದು ಮಾತು. ಪ್ರವಾದಿ ಮುಹಮ್ಮದ್ (ಸ) ನಮಾಜಿನೊಳಗೆ ಪಾಪದಿಂದಲೂ ಸಾಲದಿಂದಲೂ ರಕ್ಷಣೆ ಬೇಡುತ್ತಿದ್ದರು. ಸಾಲದಿಂದ ಇಷ್ಟೊಂದು ಸಲ ಯಾಕೆ ಎಂದು ಒಬ್ಬರು ಕೇಳಿದರು. ಸಾಲಗಾರನಾದವನು ಮಾತಾಡಿದರೆ ಸುಳ್ಳು ಹೇಳುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂದರು. ಪ್ರವಾದಿಯವರ ಪತ್ನಿ ಆಯಿಶಾ (ರ) ಹೇಳಿದ ಈ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಬುಖಾರಿ ಸಂಗ್ರಹದಲ್ಲಿದೆ. ‘ಈ ತಿಂಗಳು ಸಂಬಳ ತಡವಾಯಿತು ಉಮ್ಮಾ’ ಎಂದು ನೀನೂ ಫೋನಿನಲ್ಲಿ ಹೇಳಿರಬೇಕು, ಅಲ್ವಾ?

ಜೂಜು ದ್ವೇಷ ಹುಟ್ಟಿಸುತ್ತದೆ, ನಮಾಜಿನಿಂದ ತಡೆಯುತ್ತದೆ ಎಂದು ಕುರ್‌ಆನ್ (5:91) ಹೇಳುತ್ತದೆ. ನಿನ್ನ ನಮಾಜ್ ಇನ್ನೂ ಉಳಿದಿದೆ. ‘ಇಂಥ ಮುಖ ಇಟ್ಟುಕೊಂಡು ಹೇಗೆ ನೆಲಕ್ಕೆ ಹಣೆಯಿಟ್ಟು ಸುಜೂದ್ ಮಾಡಲಿ’ ಎಂಬ ಯೋಚನೆ ಬಂದೇ ಬರುತ್ತದೆ. ಬಂದರೂ ನಿಲ್ಲು. ಸೋತ ರಾತ್ರಿಯ ಮರುದಿನ ಬೆಳಗಿನ ನಮಾಜಾದ ಸುಬ್‌ಹಿಗೂ ನಿಲ್ಲು.

ಒಬ್ಬ ಉಮ್ಮ, ಉಳ್ಳಾಲ

ಮಗಾ, ನಿನ್ನ ಪತ್ರ ಓದಿ ಕಣ್ಣು ತುಂಬಿತು. ನಿನ್ನ ಉಮ್ಮನಿಗೆ ಹೇಳು. ಬೈದಾರು, ಅತ್ತಾರು. ಆದರೆ ಲೋನ್‌ನವರು ಮನೆಗೆ ಫೋನ್ ಮಾಡಿ ಅವರ ಬಾಯಿಂದ ಕೇಳುವುದಕ್ಕಿಂತ ನಿನ್ನ ಬಾಯಿಂದ ಕೇಳುವುದು ಮೇಲು.

ನಮ್ಮ ಮನೆಯಲ್ಲಿ ಸಂಜೆಯ ಮಗ್ರಿಬ್ ನಮಾಜ್ ಆದ ಮೇಲೆ ಹದ್ದಾದ್ ಎಂಬ ಪ್ರಾರ್ಥನಾ ಸಾಲುಗಳನ್ನು ಓದುವ ರೂಢಿ ಇದೆ. ನಿನ್ನ ಮನೆಯಲ್ಲೂ ಇರಬಹುದು. ಚಾಪೆ ಹಾಸಿ ಎಲ್ಲರೂ ಕೂರುತ್ತೇವೆ. ಆಯತುಲ್ ಕುರ್ಸಿ ಎಂಬ ಕುರ್‌ಆನ್ ವಚನಕ್ಕೆ ದೊಡ್ಡವರ ಜೊತೆ ಗಟ್ಟಿಯಾಗಿ ಶುರು ಮಾಡುವ ಚಿಕ್ಕವನು ‘ಯಾ ಲತೀಫ್’ ಬರುವಷ್ಟರಲ್ಲಿ ನನ್ನ ತೊಡೆ ಮೇಲೆ ನಿದ್ದೆ ಹೋಗಿರುತ್ತಾನೆ. ಅಲ್ಲಾಹ್ ಸೃಷ್ಟಿಸಿದ್ದರ ಕೇಡಿನಿಂದ ಅವನ ಪರಿಪೂರ್ಣ ವಚನಗಳ ಅಭಯ ಬೇಡುವ ಸಾಲನ್ನು ಅದರಲ್ಲಿ ಮೂರು ಸಲ ಹೇಳುತ್ತೇವೆ. ನೀನೂ ಬಾಯಿಪಾಠ ಮಾಡಿರುತ್ತೀಯ.

ನಿನ್ನ ಮ್ಯಾಚ್ ಶುರುವಾಗುವುದೂ ರಾತ್ರಿ ಏಳೂವರೆಗೇ ಅಲ್ವಾ? ಆ ಹೊತ್ತಿಗೆ ಮನೆಗೆ ಫೋನ್ ಮಾಡು. ಸ್ಪೀಕರ್ ಹಾಕಿ ಇಡಲು ಹೇಳಿ ಅವರ ಜೊತೆ ನೀನೂ ಓದು. ನನ್ನ ದೊಡ್ಡ ಮಗ ಸೌದಿಯ ದಮ್ಮಾಮಿನಲ್ಲಿದ್ದಾನೆ, ರಜೆ ಇದ್ದ ದಿನ ಹೀಗೇ ಮಾಡುತ್ತಾನೆ. ಮಲಗುವ ಮುಂಚೆ ಎರಡೂ ಅಂಗೈ ಸೇರಿಸಿ ಕುರ್‌ಆನಿನ ಕೊನೆಯ ಮೂರು ಅಧ್ಯಾಯಗಳಾದ ಇಖ್ಲಾಸ್, ಫಲಕ್, ನಾಸ್ ಓದಿ ಊದಿ, ತಲೆಯಿಂದ ಹಿಡಿದು ಕೈ ಎಟಕುವವರೆಗೆ ಮೈಮೇಲೆ ಸವರಿಕೋ. ಮೂರು ಸಲ. ಪ್ರವಾದಿಯವರು (ಸ) ಪ್ರತಿ ರಾತ್ರಿ ಹಾಗೆ ಮಾಡುತ್ತಿದ್ದರು.

ಒಂದು ಎಚ್ಚರಿಕೆ. ನಿನಗೆ ಯಾರೋ ಮಾಟ ಮಾಡಿಸಿದ್ದಾರೆ, ಇಷ್ಟು ಸಾವಿರ ಕೊಟ್ಟರೆ ತೆಗೆಯುತ್ತೇನೆ ಎನ್ನುವವರು ಸಿಗುತ್ತಾರೆ. ಅವರ ಹತ್ತಿರ ಸುಳಿಯಬೇಡ. ಓದಿ ಊದಲು ನಿನ್ನ ಉಮ್ಮನೇ ಸಾಕು.

ಸಹಕಾರಿ ಬ್ಯಾಂಕ್ ನೌಕರ, ಹಾಸನ

ನಾನು ನಿಮ್ಮ ಧರ್ಮದವನಲ್ಲ. ದುಡ್ಡಿನ ವಿಷಯ ಮಾತ್ರ ಹೇಳುತ್ತೇನೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವುಗಳ ಜಾಹೀರಾತನ್ನು, ಅವಕ್ಕೆ ಬ್ಯಾಂಕ್ ಮೂಲಕ ಹಣ ಹೋಗುವುದನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಈಗಲೂ ಯಾರಾದರೂ ಆಡಿಸುತ್ತಿದ್ದರೆ ಅದು ಕಳ್ಳದಾರಿ. ನೀವು ಗೆದ್ದರೂ ಹಣ ಕೊಡಿ ಎಂದು ಕೇಳಲು ಜಾಗವಿಲ್ಲ.

ಸಂಬಳ ಬಂದ ದಿನವೇ ಬಾಡಿಗೆ, ಊಟ, ಸಾಲದ ಕಂತು ಬಿಟ್ಟು ಉಳಿದದ್ದು ತಾನಾಗಿ ಮನೆಯವರ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಯುಪಿಐ ಮಿತಿಯನ್ನು ಕಡಿಮೆ ಮಾಡಿಸಿ. ಒಂದು ಲೋನ್ ಆ್ಯಪ್ ತೀರಿಸಲು ಇನ್ನೊಂದರಲ್ಲಿ ಸಾಲ ಮಾಡಬೇಡಿ. ಫೋಟೊ ತಿರುಚಿ ಹೆದರಿಸಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ.

ಕೈ ತಡೆಯಲಾಗದಿರುವುದು ಕಾಯಿಲೆಯೂ ಆಗಿರಬಹುದು. ನೀವಿರುವ ಊರಲ್ಲೇ ನಿಮ್ಹಾನ್ಸ್ ಇದೆ. ಮೊಬೈಲ್, ಆನ್‌ಲೈನ್ ಆಟಗಳ ಚಟಕ್ಕಾಗಿಯೇ ಅಲ್ಲಿ ‘ಶಟ್’ ಎಂಬ ಕ್ಲಿನಿಕ್ ಇದೆ. ಅಲ್ಲಿಯವರೆಗೆ ಹೋಗಲು ಮುಜುಗರವಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪದವಿ ವಿದ್ಯಾರ್ಥಿನಿ, ವಿಜಯಪುರ

ಅಣ್ಣಾ, ತಪ್ಪನ್ನು ಊರಿಗೆಲ್ಲ ಸಾರಿಕೊಂಡು ಬರಬೇಕಿಲ್ಲ. ರಾತ್ರಿ ಅಲ್ಲಾಹ್ ಮುಚ್ಚಿಟ್ಟದ್ದನ್ನು ಬೆಳಿಗ್ಗೆ ತಾವೇ ಬಯಲು ಮಾಡಿ ಹೇಳಿಕೊಳ್ಳುವವರ ಬಗ್ಗೆ ಹದೀಸ್‌ನಲ್ಲಿ ಎಚ್ಚರಿಕೆ ಇದೆ. ಸಹಾಯ ಕೇಳುವುದು ಬೇರೆ. ಉಮ್ಮನಿಗೆ ಹೇಳಿ, ಡಾಕ್ಟರಿಗೆ ಹೇಳಿ. ಪಿಜಿಯ ಎಲ್ಲರಿಗೂ ಗೊತ್ತಾಗಬೇಕಿಲ್ಲ.

ಗೆಳೆಯರ ಜೊತೆ ಶುರುವಾಯಿತು ಎಂದು ಬರೆದಿದ್ದೀರಿ. ಕಸ್ತೂರಿ ಮಾರುವವನ ಪಕ್ಕ ಕೂತರೆ ಪರಿಮಳವಾದರೂ ಸಿಗುತ್ತದೆ, ಕುಲುಮೆಯ ತಿದಿ ಊದುವವನ ಪಕ್ಕ ಕೂತರೆ ಬಟ್ಟೆ ಸುಡುತ್ತದೆ ಎಂದು ಪ್ರವಾದಿ (ಸ) ಗೆಳೆತನದ ಬಗ್ಗೆ ಹೇಳಿದ್ದಾರೆ. ‘ಇವತ್ತು ಯಾವ ಟೀಮ್’ ಎಂದು ಸಂಜೆ ಮೆಸೇಜ್ ಹಾಕುವ ಗುಂಪು ನಿಮ್ಮ ಫೋನಿನಲ್ಲಿ ಇನ್ನೂ ಇದೆ ಎಂದು ನನಗೆ ಖಾತ್ರಿ. ಇವತ್ತೇ ಅದರಿಂದ ಹೊರಗೆ ಬನ್ನಿ. ಯಾರಿಗೂ ಕಾರಣ ಹೇಳಬೇಕಿಲ್ಲ.