‘ಅರ್ಥಿಂಗ್ ಬರ್ತಿದೆ’ ಅಂದ್ರೆ ಏನು? ವೈರಿಂಗ್ ಅಣ್ಣನನ್ನು ಕೇಳಿ

ತಿಪಟೂರು: ಅಣ್ಣ, ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಪಕ್ಕದ ಮನೆಯವರು ‘ಅರ್ಥಿಂಗ್ ಬರ್ತಿದೆ’ ಅಂತಾರೆ. ಹಳೇ ಮನೆ, ಅರ್ಥ್ ಗುಂಡಿ (ಕರೆಂಟನ್ನು ನೆಲಕ್ಕಿಳಿಸಲು ಪೈಪ್ ಹೂಳುವ ಗುಂಡಿ) ಇಲ್ಲ. ಹಿಂದೆ ಬಂದ ಹುಡುಗ ಸಾಕೆಟ್ ಒಳಗೆ, ಕರೆಂಟು ವಾಪಸ್ ಹೋಗುವ ನ್ಯೂಟ್ರಲ್‌ನಿಂದ ಚೂರು ವೈರ್ ಎಳೆದು ಅರ್ಥ್ ಪಿನ್‌ಗೆ ಕೊಟ್ಟಿದ್ದ.

ಅಣ್ಣ: ಮೊದಲು ಮೇನ್ ಆಫ್ ಮಾಡಿ. ಓದುವುದು ಆಮೇಲೆ.
ಬರ್ತಿರುವುದು ಅರ್ಥಿಂಗ್ ಅಲ್ಲ, ಕರೆಂಟು. ಅರ್ಥಿಂಗ್ ಇಲ್ಲದ್ದಕ್ಕೇ ನಿಮ್ಮ ಮೈ ಮೂಲಕ ಇಳೀತಿದೆ. ನಮ್ಮ ಕಡೆ ಗುಂಡಿಯೂ ಅರ್ಥ್, ಹಸಿರು ವೈರೂ ಅರ್ಥ್, ಮೋಟರ್ ವೈಂಡಿಂಗ್ (ಒಳಗಿನ ತಂತಿ ಸುತ್ತು) ಅದರ ಲೋಹದ ಬಾಡಿಗೆ ತಾಗಿದರೂ ‘ಅರ್ಥ್ ಆಗಿದೆ’!
ನನಗೆ ಭಯ ಆ ಚೂರು ವೈರಿನದ್ದು. ಮನೆಯ ನ್ಯೂಟ್ರಲ್ ಎಲ್ಲಾದರೂ ಬಿಟ್ಟುಕೊಂಡರೆ, ಫೇಸ್ ವೈರಿನ ಕರೆಂಟು ಗೀಸರ್ ಕಾಯಿಲ್ ದಾಟಿ, ಅದೇ ಚೂರು ವೈರ್ ಹಿಡಿದು ಗೀಸರಿನ ಬಾಡಿಗೆ, ನಲ್ಲಿಗೆ ಬರುತ್ತದೆ. 230 ವೋಲ್ಟ್. ಎಂಸಿಬಿ (ಮಿತಿ ಮೀರಿ ಕರೆಂಟು ಹರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದೂ ಇಲ್ಲ. ಮನೆಯಲ್ಲಿ ಲೈಟು ಮಿಣುಕುತ್ತಾ?

ಹಾಸನ: ಫಾರ್ವರ್ಡ್ ಬಂದಿದೆ. ಗುಂಡಿಗೆ ವಾರಕ್ಕೊಂದು ಬಿಂದಿಗೆ ಉಪ್ಪುನೀರು ಸಾಕಂತೆ, ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ದಂಡವಂತೆ.

ಅಣ್ಣ: ಒಣಗಿದ ಗುಂಡಿಗೆ ನೀರು ಒಳ್ಳೆಯದೇ. ‘ಸಾಕು’ ಅಂದವನು ಲೆಕ್ಕ ಹಾಕಲಿ. ಗುಂಡಿಯ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 50 ಓಮ್ ಇದ್ದರೆ, 230 ವೋಲ್ಟಿಗೆ ಹರಿಯುವುದು ನಾಲ್ಕೂವರೆ ಆಂಪ್. 16 ಆಂಪಿನ ಎಂಸಿಬಿ ಅಲ್ಲಾಡುವುದಿಲ್ಲ, ಬಾಡಿಯಲ್ಲಿ ಕರೆಂಟು ನಿಂತೇ ಇರುತ್ತದೆ. 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಇಂಥ ಫಾರ್ವರ್ಡ್ ಇಲ್ಲಿಗೆ ತರಬೇಡಿ.

ದಾವಣಗೆರೆ: ಉಪ್ಪಿಗೆ ಪೈಪ್ ತುಕ್ಕು ಹಿಡಿಯುತ್ತೆ. ಈಗೆಲ್ಲ ಕೆಮಿಕಲ್ ಅರ್ಥಿಂಗೇ (ಉಪ್ಪಿನ ಬದಲು ರೆಡಿ ಪುಡಿ ತುಂಬುವುದು).

ಹಾಸನ: ನಮ್ಮಪ್ಪ ಹಾಕಿಸಿದ ಇದ್ದಿಲು-ಉಪ್ಪಿನ ಗುಂಡಿ ಇನ್ನೂ ಇದೆ. ನಿಮಗೆ ಪುಡಿ ಮಾರಬೇಕು, ಅಲ್ವಾ?

ದಾವಣಗೆರೆ: ಗುಂಡಿ ಇದೆ ಸರಿ, ಒಳಗೆ ಪೈಪ್ ಇದೆಯಾ? ಅಗೆದು ನೋಡಿ ಆಮೇಲೆ ಮಾತಾಡಿ.

ಶಿರಸಿ: ಸಿಡಿಲಿಗೂ ಇದೇ ಗುಂಡಿ ಸಾಕಾ ಅಣ್ಣ?

ಮಂಡ್ಯ: ನಮ್ಮ ಫ್ರಿಜ್ಜಿಗೂ ‘ಅರ್ಥ್ ಹೊಡೀತಿದೆ’. ಹಾಗಂದ್ರೆ?

ಅಣ್ಣ: ಮೇಲೆ ಓದಿ. ಓದುವವರೆಗೆ ಫ್ರಿಜ್ ಆಫ್.

ಹಾಸನ: ಯಾರು ಅಗೆಸೋದು, ನೀವು ದುಡ್ಡು ಕೊಡ್ತೀರಾ?

ದಾವಣಗೆರೆ: ಕಾಮನ್‌ಸೆನ್ಸ್ ಮಾತ್ರ ಕೊಡಬಲ್ಲೆ.

ಅಣ್ಣ: ತಿಪಟೂರಿನವರು ಎಲ್ಲಿ?

ತಿಪಟೂರು: ಮೇನ್ ಆಫ್ ಮಾಡಿದೆ. ಲೈಟು ನಿನ್ನೆಯಿಂದ ಮಿಣುಕುತ್ತಿತ್ತು. ಮಳೆಗೆ ಅಂದ್ಕೊಂಡೆ.

ಅಣ್ಣ: ನ್ಯೂಟ್ರಲ್ ಮೇಲೇ ನನ್ನ ಅನುಮಾನ. ಲೈನ್‌ಮನ್‌ಗೆ ಹೇಳಿ ಕಂಬದಿಂದ ಮೀಟರ್‌ವರೆಗೆ ನೋಡಿಸಿ. ಲೈಸೆನ್ಸ್ ಇರುವವರಿಂದ ಆ ಚೂರು ವೈರ್ ಕೀಳಿಸಿ. ಗುಂಡಿ, ಆರ್‌ಸಿಸಿಬಿ ಎರಡೂ ಆಗುವವರೆಗೆ ಒಲೆ ಮೇಲೆ ನೀರು ಕಾಯಿಸಿ.

ಹಾಸನ: ಒಂದ್ಸಲ ಉಪ್ಪುನೀರು ಹಾಕಿ ನೋಡಿ ಸರ್.

ಅಣ್ಣ: ಅವರ ಮನೇಲಿ ಗುಂಡಿನೇ ಇಲ್ಲ ಮಾರಾಯ್ರೇ, ಎಲ್ಲಿಗೆ ಹಾಕ್ತಾರೆ?